ಸಹಾಯ ಬೇಕು: ಮಗುವಿನ ಮಾಸು ಮನೆಗೆ ತಂದವರಿದ್ದೀರಾ?

ಅಕ್ಕಂದಿರೇ, ನಾವು ಸೋಮವಾರಪೇಟೆ ಕಡೆಯವರು. ಮುಂದಿನ ತಿಂಗಳು ಮಡಿಕೇರಿಯಲ್ಲಿ ನನ್ನ ಹೆರಿಗೆ. ಮಾಸು (ಮಗು ಹುಟ್ಟಿದ ಮೇಲೆ ಹೊರಬರುವ ಪ್ಲಾಸೆಂಟಾ) ತಂದು ತೋಟದಲ್ಲಿ ಹೂತು, ಮೇಲೊಂದು ಹಲಸಿನ ಗಿಡ ನೆಡಬೇಕು ಅಂತ ಅತ್ತೆಯ ಆಸೆ. ನನಗೂ ಇಷ್ಟವೇ. (ಒಣಗಿಸಿ, ಮಾತ್ರೆ ಮಾಡಿ ನುಂಗುವವರೂ ಇದ್ದಾರೆ, ಅದು ನನ್ನಿಂದಾಗದು!)

ಆದರೆ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಆಸ್ಪತ್ರೆಯಲ್ಲಿ ಅದು ಹಳದಿ ಚೀಲಕ್ಕೆ ಹೋಗುತ್ತದೆ, ಆಮೇಲೆ ಸುಡುತ್ತಾರೆ ಇಲ್ಲವೇ ಆಳಕ್ಕೆ ಹೂಳುತ್ತಾರೆ. ಮೊದಲೇ ಬರೆದುಕೊಟ್ಟು ಪಡೆದವರು ಇದ್ದೀರಾ? ಡಾಕ್ಟರ ಹತ್ತಿರ ಹೇಗೆ ಕೇಳಿದಿರಿ? ಸುಮಾರು ಅರ್ಧ ಕೆಜಿ ತೂಗುವ ಹಸಿ ಅಂಗ, ದಾರಿಯಲ್ಲಿ ಐಸ್ ಡಬ್ಬಿ ಸಾಕೇ?

ನಮ್ಮಲ್ಲಿ ಕಾಡುಹಂದಿ ಕಾಟ ಬೇರೆ, ಮಳೆಗೆ ಮಣ್ಣೂ ಸಡಿಲ. ಎಷ್ಟು ಆಳ ತೋಡಿದಿರಿ, ಮೇಲೆ ಕಲ್ಲು ಹೇರಿದಿರಾ? ಮಾಡಿ ನೋಡಿದವರು ಮಾತ್ರ ಹೇಳಿ.