ಬಿಸಿಯಾಗಿ ನಿಂತ ಇಂಜಿನ್ ಮತ್ತೆ ಸ್ಟಾರ್ಟೇ ಆಗ್ತಿಲ್ಲ

ಪ್ರಶ್ನೆ: ಸರ್, ನಾಲ್ಕು ಸಿಲಿಂಡರ್ ಪೆಟ್ರೋಲ್ ಕಾರು. ನಿನ್ನೆ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿತು, ಸ್ವಲ್ಪ ಹೊತ್ತಿಗೆ ತಾನಾಗೇ ಕೆಳಗೆ ಬಂತು. ಸದ್ಯ ಸರಿಹೋಯ್ತು ಅಂದುಕೊಂಡು ಇನ್ನೂ ಮೂರು ಕಿಲೋಮೀಟರ್ ಓಡಿಸಿದೆ. ಆಮೇಲೆ ಬಾನೆಟ್ ಸಂದಿಯಿಂದ ಹಬೆ ಬಂದು ಇಂಜಿನ್ ನಿಂತೇ ಹೋಯ್ತು. ಈಗ ಪೂರ್ತಿ ತಣ್ಣಗಾಗಿದೆ, ರೇಡಿಯೇಟರ್‌ಗೆ ನೀರೂ ತುಂಬಿಸಿದ್ದೇನೆ. ಸೆಲ್ಫ್ ತಿರುಗುತ್ತದೆ, ಆದರೆ ಸ್ಟಾರ್ಟ್ ಆಗ್ತಿಲ್ಲ. ಬ್ಯಾಟರಿ ಹೊಸದು. ಸೆನ್ಸರ್ ಇರಬಹುದಾ?

ಉತ್ತರ: ಮೊದಲು ಸೆಲ್ಫ್ ಹೊಡೆಯುವುದನ್ನು ನಿಲ್ಲಿಸಿ. ಮುಳ್ಳು ಇಳಿದದ್ದು ಇಂಜಿನ್ ತಣ್ಣಗಾಗಿ ಅಲ್ಲ. ಆ ಸೆನ್ಸರ್ ಅಳೆಯುವುದು ನೀರಿನ ಬಿಸಿಯನ್ನು, ನೀರೇ ಖಾಲಿಯಾದರೆ ಅದು ಅಳೆಯುವುದಾದರೂ ಏನನ್ನು? ತುಂಬಾ ಜನ ಮೋಸ ಹೋಗುವುದು ಇಲ್ಲೇ.

ಸೆಲ್ಫ್ ಹೊಡೆದಾಗ ಸದ್ದು ಹೇಗಿತ್ತು ಹೇಳಿ. ಚೆನ್ನಾಗಿರುವ ಇಂಜಿನ್ ‘ರ್ರು, ರ್ರು, ರ್ರು’ ಅಂತ ಒಂದೇ ತಾಳದಲ್ಲಿ ತಿರುಗುತ್ತದೆ, ಒಂದೊಂದು ಪಿಸ್ಟನ್ ಗಾಳಿ ಒತ್ತುವಾಗಲೂ ಚೂರು ಭಾರವಾಗುತ್ತದೆ. ‘ವೀಂ’ ಅಂತ ಹಗುರವಾಗಿ ಸುತ್ತಿದರೆ ಕಂಪ್ರೆಷನ್, ಅಂದರೆ ಗಾಳಿ ಒತ್ತಿದಾಗ ಹುಟ್ಟುವ ಒತ್ತಡ ಇಲ್ಲ, ಇಲ್ಲವೇ ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ಆಡಿಸುವ ಟೈಮಿಂಗ್ ಬೆಲ್ಟ್ ಹೋಗಿದೆ. ‘ಟಕ್’ ಅಂದು ನಿಂತುಬಿಟ್ಟರೆ ಇಂಜಿನ್ ಜಾಮ್, ಅಥವಾ ಬೋರ್ (ಪಿಸ್ಟನ್ ಓಡಾಡುವ ಕೊಳವೆ) ಒಳಗೆ ನೀರು. ಗಾಳಿಯ ಹಾಗೆ ನೀರು ಕುಗ್ಗುವುದಿಲ್ಲ, ಬಲವಂತ ಮಾಡಿದರೆ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಅದಕ್ಕೇ ನಿಲ್ಲಿಸಿ ಅಂದಿದ್ದು.

ಪ್ರಶ್ನೆ: ತಾಳ ತಪ್ಪಿದ ಹಾಗಿತ್ತು ಸರ್. ಒಂದು ಸಲ ಭಾರ, ಮತ್ತೊಂದು ಸಲ ಸರ್ರಂತ ಹಗುರ. ಡಿಪ್‌ಸ್ಟಿಕ್ ನೋಡಿದೆ, ಆಯಿಲ್ ಹಾಲು ಹಾಕಿದ ಕಾಫಿ ಥರ ಏನೂ ಆಗಿಲ್ಲ. ಹಾಗಾದರೆ ಹೆಡ್ ಗ್ಯಾಸ್ಕೆಟ್ ಸರಿ ಇದೆ ಅಲ್ವಾ?

ಉತ್ತರ: ಹಾಗೇನಿಲ್ಲ. ಅದು ಇಂಜಿನ್ ಬ್ಲಾಕ್‌ಗೂ ಮೇಲೆ ಮುಚ್ಚುವ ಹೆಡ್‌ಗೂ ನಡುವಿನ ಸೀಲು, ಎರಡು ಸಿಲಿಂಡರ್‌ಗಳ ನಡುವೆ ಸುಟ್ಟರೆ ಆಯಿಲ್‌ಗೆ ನೀರು ಸೇರಬೇಕೆಂದೇನೂ ಇಲ್ಲ. ಫ್ಯೂಯೆಲ್ ಪಂಪ್ ಫ್ಯೂಸ್ ಕೀಳಿ, ಇಗ್ನಿಷನ್ ಕನೆಕ್ಷನ್ ಬಿಡಿಸಿ, ನಾಲ್ಕೂ ಪ್ಲಗ್ ಬಿಚ್ಚಿ ಸಾಲಾಗಿ ಇಡಿ. ಬೇರೆಲ್ಲ ಕಂದು ಬಣ್ಣಕ್ಕಿದ್ದು ಒಂದು ಮಾತ್ರ ತೊಳೆದಿಟ್ಟ ಹಾಗೆ ಹೊಳೆಯುತ್ತಿದ್ದರೆ ಆ ಬೋರ್‌ಗೆ ನೀರು ಹೋಗಿರುವ ಅನುಮಾನ ಜಾಸ್ತಿ. ಆಮೇಲೆ ಪಕ್ಕಕ್ಕೆ ನಿಂತು ಸೆಲ್ಫ್ ಹೊಡೆಸಿ, ನೀರಿದ್ದರೆ ಪ್ಲಗ್ ತೂತಿನಿಂದ ಚಿಮ್ಮುತ್ತದೆ.

ಮುಂದೆ ಕಂಪ್ರೆಷನ್ ಗೇಜ್ ಹಾಕಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದೇ ನೋಡಬೇಕು. ಸಾಮಾನ್ಯವಾಗಿ 150ರಿಂದ 180 ಪಿಎಸ್‌ಐ (ಒತ್ತಡದ ಅಳತೆ) ಬರುತ್ತದೆ. ನಾಲ್ಕೂ ಸರಿಯಾಗಿ ಬಂದರೆ ಮಾತ್ರ ಸೆನ್ಸರ್ ಕಡೆ ಹೋಗಿ, ಇಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರ್ ಮತ್ತು ಬಿಸಿಗೆ ಕರಗಿರಬಹುದಾದ ವೈರಿಂಗ್ ಮೊದಲು.

ಪ್ರಶ್ನೆ: ನೋಡಿಸಿದೆ ಸರ್. ಒಂದು, ನಾಲ್ಕರಲ್ಲಿ 160. ಎರಡು, ಮೂರರಲ್ಲಿ 50 ದಾಟಲಿಲ್ಲ. ನೀರು ಚಿಮ್ಮಲಿಲ್ಲ.

ಉತ್ತರ: ಪಕ್ಕಪಕ್ಕದ ಎರಡು ಒಟ್ಟಿಗೆ ಬಿದ್ದಿವೆ ಅಂದರೆ ನಡುವಿನ ಗ್ಯಾಸ್ಕೆಟ್ಟೇ ಇರಬೇಕು. ಅದಕ್ಕೂ ಮೊದಲು ಆ ಎರಡು ಬೋರ್‌ಗೆ ಒಂದೊಂದು ಚಮಚ ಆಯಿಲ್ ಬಿಟ್ಟು ಮತ್ತೆ ಗೇಜ್ ಹಾಕಿಸಿ. ಒಮ್ಮೆಲೇ ಏರಿದರೆ ಪಿಸ್ಟನ್ ಸುತ್ತಲಿನ ರಿಂಗ್ ಹೋಗಿದೆ, ಆಗ ಕೆಲಸ ದೊಡ್ಡದು. ಏರದಿದ್ದರೆ ಹೆಡ್ ಇಳಿಸಿ. ಬರೀ ಗ್ಯಾಸ್ಕೆಟ್ ಬದಲಿಸಿ ಕೂರಿಸಲು ಬಿಡಬೇಡಿ, ಅಲ್ಯೂಮಿನಿಯಂ ಹೆಡ್ ಇಷ್ಟು ಕಾದ ಮೇಲೆ ಸೊಟ್ಟಗಾಗಿರುತ್ತದೆ ಅಂತಲೇ ಇಟ್ಟುಕೊಳ್ಳಿ. ನೇರಪಟ್ಟಿ ಇಟ್ಟು ಫೀಲರ್ ಗೇಜ್ (ಸಂದಿ ಅಳೆಯುವ ತೆಳು ತಗಡು) ತೂರಿಸಿ ನಿಮ್ಮ ಕಣ್ಣೆದುರೇ ಅಳೆಯಲಿ, ಬೇಕಿದ್ದರೆ ಫೇಸಿಂಗ್ ಮಾಡಿಸಿ, ಅಂದರೆ ಮೈ ಉಜ್ಜಿ ಸಮತಟ್ಟು ಮಾಡಿಸಿ. ಅಂದಹಾಗೆ ನೀರು ಹೋದದ್ದು ಎಲ್ಲಿಂದ?

ಪ್ರಶ್ನೆ: ರೇಡಿಯೇಟರ್ ಕೆಳಗಿನ ಹೋಸ್ ಕ್ಲಿಪ್ ಹತ್ತಿರ ಸೀಳಿದೆ ಸರ್. ಈಗಷ್ಟೇ ಕಂಡಿತು.