ನಾಯಿಗೆ ದಯಾಮರಣ, ಅಪ್ಪನಿಗೆ ಏಕಿಲ್ಲ? ಪಶುವೈದ್ಯರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ನಮ್ಮ ನಾಯಿಗೆ ಹದಿನಾಲ್ಕು ವರ್ಷ. ಎರಡೂ ಮೂತ್ರಪಿಂಡಗಳು ಸೋತಿವೆ. ಡ್ರಿಪ್ ಹಾಕಿಸಿದ ದಿನ ತಲೆಯೆತ್ತಿ ನೋಡುತ್ತದೆ, ಮರುದಿನ ಮತ್ತೆ ವಾಂತಿ. ದಯಾಮರಣದ ಬಗ್ಗೆ ಯೋಚಿಸಿ ಎಂದು ಅದನ್ನು ನೋಡುತ್ತಿರುವ ವೈದ್ಯರು ಹೇಳಿದ್ದಾರೆ. ನಾವು ಕೊಡದ ಜೀವವನ್ನು ತೆಗೆಯಲು ನಾವು ಯಾರು ಎಂದು ಅತ್ತೆಯವರು ಕೇಳುತ್ತಾರೆ. ಇದೇ ಹೊತ್ತಿಗೆ ನನ್ನ ತಂದೆ ಕ್ಯಾನ್ಸರಿನ ಕೊನೆಯ ಹಂತದಲ್ಲಿದ್ದಾರೆ. ನಮ್ಮ ಮಾತು ಕಿವಿಗೆ ಬಿದ್ದು, "ಅದಕ್ಕೆ ಕೊಡಿಸುವ ಸೂಜಿಯನ್ನು ನನಗೂ ಕೊಡಿಸಮ್ಮ" ಎಂದರು. ನಾಯಿಯ ವಿಷಯದಲ್ಲಿ ಕರುಣೆ ಎನಿಸಿಕೊಳ್ಳುವುದು ಮನುಷ್ಯನ ವಿಷಯದಲ್ಲಿ ಅಪರಾಧವಾಗುವುದು ಹೇಗೆ?

ಪಶುವೈದ್ಯರ ಉತ್ತರ: ಅಮ್ಮಾ, ಮೊದಲು ನಾಯಿಯ ವಿಷಯ ಹೇಳುತ್ತೇನೆ, ಅದು ನನ್ನ ಕಸುಬು.

ಮೂತ್ರಪಿಂಡ ಕೆಲಸ ನಿಲ್ಲಿಸಿದಾಗ ರಕ್ತದಲ್ಲಿ ಕಶ್ಮಲ ಉಳಿಯುತ್ತದೆ. ಸದಾ ಓಕರಿಕೆ, ಬಾಯಿಯೊಳಗೆ ಹುಣ್ಣು, ನಿರ್ಜಲೀಕರಣ. ನಾಯಿಗಳು ನೋವನ್ನು ಕೂಗಿ ಹೇಳುವುದು ಕಡಿಮೆ. ಮೂಲೆ ಸೇರುವುದು, ರಾತ್ರಿ ಮಲಗಲಾಗದೆ ಜಾಗ ಬದಲಿಸುವುದು, ಕಾರಣವಿಲ್ಲದೆ ಏದುಸಿರು ಬಿಡುವುದು ಅದರ ಭಾಷೆ. ನಿಮ್ಮನ್ನು ಕಂಡು ಬಾಲ ಅಲ್ಲಾಡಿಸಿತು ಎಂದ ಮಾತ್ರಕ್ಕೆ ನೋವಿಲ್ಲ ಎಂದುಕೊಳ್ಳಬೇಡಿ. ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಲೋಬೋಸ್ ರೂಪಿಸಿದ ಅಳತೆಯೊಂದಿದೆ. ನೋವು, ಹಸಿವು, ನೀರಿನಂಶ, ಶುಚಿತ್ವ, ಸಂತೋಷ, ಓಡಾಟ, ಮತ್ತು ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಿವೆಯೇ ಎಂಬುದು, ಹೀಗೆ ಏಳು ವಿಷಯಗಳಿಗೆ ತಲಾ 10 ಅಂಕ. ಒಟ್ಟು 35ಕ್ಕಿಂತ ಮೇಲಿದ್ದರೆ ಆರೈಕೆ ಮುಂದುವರಿಸಬಹುದು. ಅಂಕಕ್ಕಿಂತಲೂ, ಮನೆಯವರೆಲ್ಲ ಕುಳಿತು ಆ ಏಳು ಪ್ರಶ್ನೆಗಳನ್ನು ಕೇಳಿಕೊಳ್ಳುವುದರಿಂದಲೇ ಎಷ್ಟೋ ಸ್ಪಷ್ಟವಾಗುತ್ತದೆ.

ದಯಾಮರಣದಲ್ಲಿ ಸಾಮಾನ್ಯವಾಗಿ ಮೊದಲು ಮಂಪರು ಬರುವ ಚುಚ್ಚುಮದ್ದು, ಆಮೇಲೆ ಪೆಂಟೊಬಾರ್ಬಿಟಾಲ್. ಅದು ಮೂಲತಃ ಅರಿವಳಿಕೆಯ ಔಷಧ. ಹೆಚ್ಚಿನ ಪ್ರಮಾಣದಲ್ಲಿ ಮೊದಲು ಪ್ರಜ್ಞೆ, ನಂತರ ಉಸಿರು, ಕೊನೆಗೆ ಹೃದಯ ನಿಲ್ಲುತ್ತದೆ. ಕಣ್ಣು ತೆರೆದೇ ಇರಬಹುದು, ಸ್ನಾಯು ಅದುರಬಹುದು, ಒಮ್ಮೆ ದೀರ್ಘವಾಗಿ ಉಸಿರೆಳೆದಂತೆ ಕಾಣಬಹುದು. ಆಗ ಅದಕ್ಕೆ ಅರಿವಿರುವುದಿಲ್ಲ. ಇದನ್ನು ಮೊದಲೇ ಹೇಳದಿದ್ದರೆ ಮನೆಯವರು ವರ್ಷಗಟ್ಟಲೆ ಕೊರಗುತ್ತಾರೆ, ಅದಕ್ಕೇ ಬರೆದೆ.

ಅತ್ತೆಯವರ ಪ್ರಶ್ನೆ ಹಗುರವಾದದ್ದಲ್ಲ. ಆದರೆ ಡ್ರಿಪ್ ಹಾಕಿಸಿ ಆ ಜೀವವನ್ನು ಇಷ್ಟು ದಿನ ಹಿಡಿದಿಟ್ಟವರೂ ನಾವೇ. ಇನ್ನೊಂದು ವಾರ ತಡೆದುಕೊಂಡರೆ ಮಗ ಊರಿನಿಂದ ಬರುತ್ತಾನೆ ಎಂಬ ಲೆಕ್ಕ ನಾಯಿಗಿಲ್ಲ. ಅದಕ್ಕಿರುವುದು ಈಗಿನ ಓಕರಿಕೆ ಮಾತ್ರ. ಚೇತರಿಕೆಯ ದಾರಿ ಮುಚ್ಚಿ ನರಳಾಟವಷ್ಟೇ ಉಳಿದಾಗ ಅದನ್ನು ಮುಗಿಸುವುದು ನಮ್ಮ ಹೊಣೆ ಎಂದೇ ನಾನು ನಂಬಿದ್ದೇನೆ.

ಇನ್ನು ನಿಮ್ಮ ತಂದೆ. ಅವರಿಗೆ ಮಾತು ಬರುತ್ತದೆ. ಈ ಒಂದು ಸಂಗತಿಯಿಂದಲೇ ಎಲ್ಲವೂ ಬದಲಾಗುತ್ತದೆ. ನಾಯಿಯ ಮನಸ್ಸನ್ನು ನಾವು ಊಹಿಸಬೇಕು, ತಂದೆಯನ್ನು ಕೇಳಬಹುದು. ಸೂಜಿ ಕೊಡಿಸು ಎನ್ನುವ ಮಾತಿನ ಹಿಂದೆ ನೋವಿರಬಹುದು, ಉಸಿರುಗಟ್ಟಿ ಸಾಯುವ ಭಯವಿರಬಹುದು, ಮಗಳಿಗೆ ಹೊರೆಯಾದೆ ಎಂಬ ಸಂಕಟವಿರಬಹುದು, ಗುಣಪಡಿಸಬಹುದಾದ ಖಿನ್ನತೆಯೂ ಇರಬಹುದು. ಇವುಗಳಲ್ಲಿ ಯಾವುದು ಎಂದು ತಿಳಿಯುವ ಮೊದಲೇ ಹೌದು ಎಂದರೂ ತಪ್ಪು, ಅಂಥ ಮಾತಾಡಬೇಡಿ ಎಂದು ಬಾಯಿ ಮುಚ್ಚಿಸಿದರೂ ತಪ್ಪು.

ಇನ್ನೊಬ್ಬ ಸದಸ್ಯರು: ಸರ್, ನೀವು ಜಾರಿಕೊಂಡಿರಿ ಎನಿಸಿತು. ಒಪ್ಪಿಗೆ ಕೊಡಲಾಗದ ನಾಯಿಯನ್ನು ಕೊಲ್ಲುವುದು ಸರಿ, ಬಾಯಿಬಿಟ್ಟು ಕೇಳುವ ಮನುಷ್ಯನಿಗೆ ಇಲ್ಲ ಎನ್ನುವುದು. ಇದು ತಲೆಕೆಳಗಾದ ನ್ಯಾಯವಲ್ಲವೇ?

ಪಶುವೈದ್ಯರ ಉತ್ತರ: ದಯಾಮರಣದ ಪರವಾಗಿರುವ ವಾದಗಳಲ್ಲೆಲ್ಲ ಬಲವಾದದ್ದು ಇದೇ. ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂ 2002ರಲ್ಲಿ ದಯಾಮರಣದ ಕಾನೂನು ಜಾರಿಗೆ ತಂದವು. ನೆದರ್ಲೆಂಡ್ಸ್‌ನಲ್ಲಿ ರೋಗಿ ಸ್ವಇಚ್ಛೆಯಿಂದ, ಚೆನ್ನಾಗಿ ಯೋಚಿಸಿ ಕೇಳಿರಬೇಕು. ಸಂಕಟ ಅಸಹನೀಯವಾಗಿರಬೇಕು, ತಗ್ಗುವ ಭರವಸೆ ಇರಬಾರದು. ಸಂಬಂಧವಿಲ್ಲದ ಎರಡನೆಯ ವೈದ್ಯರು ಪರೀಕ್ಷಿಸಬೇಕು. ಆಮೇಲೆ ಸಮಿತಿಯೊಂದು ಪ್ರಕರಣವನ್ನು ಪರಿಶೀಲಿಸುತ್ತದೆ. ಅಂಥ ಷರತ್ತುಗಳೆಲ್ಲ ಪೂರೈಸಿದ ಕಡೆ ನಡೆಯುವುದನ್ನು ನಾನು ಕೊಲೆ ಎನ್ನಲಾರೆ.

ಆದರೂ ನನ್ನನ್ನು ಹಿಡಿದು ನಿಲ್ಲಿಸುವುದು ನನ್ನ ವೃತ್ತಿಯೇ. ಪ್ರಾಣಿಗಳ ದಯಾಮರಣ ಪ್ರಾಣಿಯ ನೋವಿಗಾಗಿಯೇ ನಡೆಯುತ್ತದೆ ಎಂದು ನೀವು ಭಾವಿಸಿರಬಹುದು. ಚಿಕಿತ್ಸೆಯ ಖರ್ಚು ಹೆಚ್ಚಾಯಿತು, ಮನೆ ಬದಲಾಯಿಸುತ್ತಿದ್ದೇವೆ, ರಾತ್ರಿ ಎದ್ದು ನೋಡಿಕೊಳ್ಳುವವರಿಲ್ಲ: ಈ ಕಾರಣಗಳೂ ಕರುಣೆಯ ಹೆಸರಿನಲ್ಲೇ ಬಾಗಿಲಿಗೆ ಬರುತ್ತವೆ. ಹೇಳುವವರು ಕೆಟ್ಟವರಲ್ಲ, ದಣಿದವರು. ಆರೈಕೆ ಮಾಡುವವರ ದಣಿವು ಎಷ್ಟು ಸಲೀಸಾಗಿ ರೋಗಿಯ ನೋವಿನ ವೇಷ ತೊಡುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮನುಷ್ಯರ ಮನೆಗಳಲ್ಲೂ ದಣಿವಿದೆ, ಖರ್ಚಿದೆ, ಆಸ್ತಿಯೂ ಇದೆ. ಮುದುಕರು ಮಕ್ಕಳ ಮುಖ ನೋಡಿಯೇ ಎಷ್ಟೋ ಮಾತಾಡುತ್ತಾರೆ. ಅಮೆರಿಕದ ಆರೆಗಾನ್ ರಾಜ್ಯದಲ್ಲಿ 1997ರಿಂದ ಆರು ತಿಂಗಳಿಗಿಂತ ಹೆಚ್ಚು ಬದುಕುವ ಸಂಭವವಿಲ್ಲದ ರೋಗಿ ವೈದ್ಯರಿಂದ ಔಷಧ ಬರೆಸಿಕೊಂಡು ತಾನೇ ಸೇವಿಸಬಹುದು. ಅಲ್ಲಿನ ವಾರ್ಷಿಕ ವರದಿಗಳಲ್ಲಿ ರೋಗಿಗಳು ಕೊಡುವ ಕಾರಣಗಳಲ್ಲಿ ಮುಂದಿರುವುದು ಸ್ವಾತಂತ್ರ್ಯ ಕಳೆದುಕೊಳ್ಳುವ ಭಯ, ಬದುಕಿನ ಖುಷಿ ಹೋಯಿತು ಎಂಬ ಬೇಸರ, ಘನತೆಯ ಚಿಂತೆ. ನೋವು ಇವುಗಳಿಗಿಂತ ಹಿಂದೆ ಬರುತ್ತದೆ. ಔಷಧ ಪಡೆದವರಲ್ಲಿ ಗಣನೀಯ ಭಾಗ ಅದನ್ನು ಸೇವಿಸುವುದೇ ಇಲ್ಲ. ಕೈಯಲ್ಲಿದೆ ಎಂಬ ಧೈರ್ಯವೇ ಕೆಲವರಿಗೆ ಸಾಕಾಗುತ್ತದೆಯೇನೋ. ಅಂದರೆ ಸಾವು ಬೇಕು ಎಂಬ ಮಾತು ಬಹಳ ಸಲ ನಿಯಂತ್ರಣ ಬೇಕು ಎಂಬ ಮಾತು. ಹಾಗಿದ್ದಲ್ಲಿ ಅದನ್ನು ಬೇರೆ ರೀತಿಯಲ್ಲೂ ಕೊಡಲು ಸಾಧ್ಯವೇ ಎಂದು ಮೊದಲು ನೋಡಬೇಕು.

ಉಪಶಮನ ಆರೈಕೆಯ (ಗಂಭೀರ ರೋಗಿಗಳ ನೋವು, ಸಂಕಟ ತಗ್ಗಿಸುವ ಚಿಕಿತ್ಸೆಯ) ವೈದ್ಯೆಯೊಬ್ಬರು: ಮೇಲಿನ ಉತ್ತರಕ್ಕೆ ನನ್ನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ವೆಂಟಿಲೇಟರ್ ಬೇಡ ಎನ್ನುವುದು, ಫಲವಿಲ್ಲದ ಕಿಮೋ ನಿಲ್ಲಿಸುವುದು, ನೋವಿಗೆ ಮಾರ್ಫಿನ್ ಕೊಡುವುದು, ಇವೆಲ್ಲವನ್ನೂ ಜನ ದಯಾಮರಣ ಎಂದೇ ಭಾವಿಸಿ ಹೆದರುತ್ತಾರೆ. ನೋವಿಗೆ ತಕ್ಕಂತೆ ಹಂತಹಂತವಾಗಿ ಕೊಟ್ಟ ಮಾರ್ಫಿನ್ ಕೊಲ್ಲುವುದಿಲ್ಲ. ರೋಗಿ ನಿದ್ದೆ ಮಾಡುತ್ತಾನೆ, ಎದ್ದು ಮಾತಾಡುತ್ತಾನೆ. "ಇನ್ನೂ ಆ ಹಂತ ಬಂದಿಲ್ಲ" ಎಂದು ಮನೆಯವರು ಅದನ್ನು ಮುಂದೂಡುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ (ಕೊನೆಯ ದಿನಗಳ ರೋಗಿಗಳ ಆರೈಕೆಯ ಮನೆ) ತೆರೆದ ಸಿಸಿಲಿ ಸಾಂಡರ್ಸ್, ಸಾಯುವವರ ನೋವಿನಲ್ಲಿ ದೇಹ, ಮನಸ್ಸು, ಸಂಬಂಧ, ನಂಬಿಕೆ ಎಲ್ಲವೂ ಬೆರೆತಿರುತ್ತವೆ ಎಂದು ತೋರಿಸಿಕೊಟ್ಟರು. ಒಂದನ್ನೇ ಹಿಡಿದು ಚಿಕಿತ್ಸೆ ಕೊಟ್ಟರೆ ಉಳಿದದ್ದು ನರಳುತ್ತಲೇ ಇರುತ್ತದೆ.

ಭಾರತದಲ್ಲಿ ಸೂಜಿ ಕೊಟ್ಟು ಸಾಯಿಸುವುದು ಅಪರಾಧವೇ. ಆದರೆ ಘನತೆಯಿಂದ ಸಾಯುವುದು ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿದೆ. ನಿಗದಿತ ಕ್ರಮದಲ್ಲಿ ಜೀವರಕ್ಷಕ ಚಿಕಿತ್ಸೆಯನ್ನು ನಿಲ್ಲಿಸಬಹುದು, ಮುಂಚಿತವಾಗಿಯೇ ತನ್ನ ಇಚ್ಛೆಯನ್ನು ಬರೆದಿಡಬಹುದು. 2023ರಲ್ಲಿ ಆ ಕ್ರಮವನ್ನು ಸರಳಗೊಳಿಸಲಾಯಿತು.

ಸದಸ್ಯರು: ಸಾಯಿಸುವುದಕ್ಕೂ ಸಾಯಲು ಬಿಡುವುದಕ್ಕೂ ನೈತಿಕವಾಗಿ ಏನು ವ್ಯತ್ಯಾಸ ಮೇಡಂ? ಫಲ ಒಂದೇ ಅಲ್ಲವೇ?

ಉಪಶಮನ ಆರೈಕೆಯ ವೈದ್ಯೆ: ತತ್ತ್ವಶಾಸ್ತ್ರಜ್ಞ ಜೇಮ್ಸ್ ರೇಚಲ್ಸ್ 1975ರಲ್ಲಿ ಇದನ್ನೇ ಕೇಳಿದರು. ಬೇಗ ಮುಗಿಯುವ ಸೂಜಿಗಿಂತ ದಿನಗಟ್ಟಲೆ ಎಳೆಯುವ ಸಾವು ಕೆಲವೊಮ್ಮೆ ಹೆಚ್ಚು ಕ್ರೂರ ಎಂಬ ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಚಿಕಿತ್ಸೆ ನಿಲ್ಲಿಸಿದ ಮೇಲೂ ನಾವು ರೋಗಿಯನ್ನು ಬಿಟ್ಟು ಹೋಗುವುದಿಲ್ಲ. ಉಸಿರಾಟದ ಕಷ್ಟಕ್ಕೆ, ಒಣಗಿದ ಬಾಯಿಗೆ, ಗಾಬರಿಗೆ ಆರೈಕೆ ನಡೆಯುತ್ತಲೇ ಇರುತ್ತದೆ. ಕೈಬಿಟ್ಟು ಸಾಯಲು ಬಿಡುವುದಾದರೆ ನಿಮ್ಮ ಆಕ್ಷೇಪ ಪೂರ್ತಿ ಸರಿ.

ಸದಸ್ಯರು: ಗಾಂಧೀಜಿ ಕರುವೊಂದಕ್ಕೆ ವಿಷದ ಚುಚ್ಚುಮದ್ದು ಕೊಡಿಸಿದ್ದರು ಎಂದು ಕೇಳಿದ್ದೇನೆ. ನಿಜವೇ?

ಪಶುವೈದ್ಯರ ಉತ್ತರ: ನಿಜ. 1928ರಲ್ಲಿ, ಸಾಬರಮತಿ ಆಶ್ರಮದಲ್ಲಿ. ಗುಣವಾಗುವ ಆಸೆಯಿಲ್ಲದೆ ಒದ್ದಾಡುತ್ತಿದ್ದ ಕರು ಅದು. ಅಹಿಂಸೆಯ ಹೆಸರಿನಲ್ಲಿಯೇ ಅವರು ಹಾಗೆ ಮಾಡಿಸಿದರು, ಅಹಿಂಸೆಯ ಹೆಸರಿನಲ್ಲಿಯೇ ಅವರಿಗೆ ಕೋಪದ ಪತ್ರಗಳು ಬಂದವು. ಮನುಷ್ಯರಿಗೂ ಇದೇ ಮಾಡುತ್ತೀರಾ ಎಂಬ ಪ್ರಶ್ನೆಯಿಂದ ಅವರು ತಪ್ಪಿಸಿಕೊಳ್ಳಲಿಲ್ಲ. ತತ್ತ್ವ ಇಬ್ಬರಿಗೂ ಒಂದೇ, ಆದರೆ ಮನುಷ್ಯರ ವಿಷಯದಲ್ಲಿ ನೆರವಾಗಲು ಸಾಮಾನ್ಯವಾಗಿ ಬೇರೆ ದಾರಿಗಳಿರುತ್ತವೆ, ಯೋಚಿಸಿ ನಿರ್ಧರಿಸುವ ಶಕ್ತಿಯೂ ಅವರಿಗೇ ಇರುತ್ತದೆ ಎಂಬುದು ಅವರ ಉತ್ತರದ ಸಾರ. ನಾನು ಈ ವಿಷಯದಲ್ಲಿ ಓದಿದವುಗಳಲ್ಲಿ ಇದಕ್ಕಿಂತ ನೇರವಾದದ್ದು ಕಡಿಮೆ.

ಸದಸ್ಯರು: ಆರೋಗ್ಯವಾಗಿದ್ದರೂ ಕಚ್ಚುವ ನಾಯಿಯನ್ನು?

ಪಶುವೈದ್ಯರ ಉತ್ತರ: ಮೊದಲು ನೋವಿದೆಯೇ ಎಂದು ಪರೀಕ್ಷೆ ಮಾಡಿಸಿ. ಹಲ್ಲು, ಕಿವಿ, ಕೀಲು ನೋಯುವ ನಾಯಿ ಕಚ್ಚುತ್ತದೆ. ಅದು ಬಗೆಹರಿದ ಮೇಲೂ ಉಳಿದರೆ ತರಬೇತಿ, ಬೇರೆ ಮನೆ. ದಯಾಮರಣ ಕೊನೆಯ ಬಾಗಿಲಾಗಿರಲಿ.

ಮೊದಲು ಕೇಳಿದವರು: ನಾಯಿಯ ವಿಷಯ ಮನೆಯಲ್ಲಿ ತೀರ್ಮಾನವಾಯಿತು, ಅತ್ತೆಯವರೂ ಒಪ್ಪಿದರು. ಅಪ್ಪನ ಜೊತೆ ಮಾತು ಹೇಗೆ ಆರಂಭಿಸಲಿ? ನನಗೆ ಅಳು ಬರುತ್ತದೆ.

ಉಪಶಮನ ಆರೈಕೆಯ ವೈದ್ಯೆ: ಅಳು ಬಂದರೆ ಬರಲಿ, ಅವರಿಗೂ ಅದು ಬೇಕಾಗಿರಬಹುದು. "ಆ ದಿನ ಸೂಜಿ ಕೊಡಿಸು ಎಂದಿರಲ್ಲ ಅಪ್ಪಾ, ಯಾವುದು ತಡೆಯಲಾಗುತ್ತಿಲ್ಲ?" ಎಂದು ಕೇಳಿ ಸುಮ್ಮನಿರಿ. ಸಮಾಧಾನ ಹೇಳಲು ಅವಸರಪಡಬೇಡಿ. ನೋವು ಯಾವ ಹೊತ್ತಿಗೆ ಹೆಚ್ಚು, ಯಾವುದಕ್ಕೆ ಹೆದರುತ್ತಾರೆ, ಆಸ್ಪತ್ರೆಯಲ್ಲಿರಬೇಕೋ ಮನೆಯಲ್ಲೋ, ತಮಗೆ ಮಾತು ನಿಂತರೆ ಯಾರು ನಿರ್ಧರಿಸಬೇಕು, ಇವನ್ನು ಒಂದೇ ದಿನ ಕೇಳಬೇಕೆಂದಿಲ್ಲ. ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದುಕೊಂಡು ಚಿಕಿತ್ಸೆ ಕೊಡುತ್ತಿರುವ ವೈದ್ಯರಿಗೆ ತೋರಿಸಿ, ಸಾವಿನ ಮಾತಾಡಿದ್ದನ್ನೂ ಮುಚ್ಚಿಡಬೇಡಿ. ರಾತ್ರಿಯ ನೋವಿನ ಮಾತ್ರೆಯ ಪ್ರಮಾಣ ಬದಲಿಸಲು ಅವರಿಗೆ ಆ ವಿವರವೇ ಬೇಕಾಗುತ್ತದೆ.