ಕಾರು ಬಲ್ಲವರು ಹಾರಲು ಕಲಿಯುವಾಗ ಯಾವುದು ಕೈ ಹಿಡಿಯುತ್ತದೆ, ಯಾವುದು ಕೈ ಕೊಡುತ್ತದೆ?

ಕೇಳಿದವರು: ವಿದ್ಯಾರಣ್ಯಪುರದಿಂದ

ಎಲ್ಲರಿಗೂ ನಮಸ್ಕಾರ. ವಯಸ್ಸು 34, ಮೆಕ್ಯಾನಿಕಲ್ ಎಂಜಿನಿಯರ್. ಮನೆಯಲ್ಲಿ ಒಂದು ಹಳೇ ಪ್ರೀಮಿಯರ್ ಪದ್ಮಿನಿ, ಒಂದು ಟರ್ಬೊ ಪೆಟ್ರೋಲ್ ಕಾರು. ಪದ್ಮಿನಿಯ ಕಾರ್ಬ್ಯುರೇಟರ್ ತೊಳೆಯುವುದು, ಪಾಯಿಂಟ್ ಗ್ಯಾಪ್ (ಕಿಡಿ ಬರಿಸುವ ಸ್ವಿಚ್‌ನ ಸಂದು) ಕೂರಿಸುವುದು ಎಲ್ಲ ನಾನೇ. ಪಿಪಿಎಲ್ (ಖಾಸಗಿ ಪೈಲಟ್ ಲೈಸೆನ್ಸ್) ಮಾಡಬೇಕೆಂದಿದ್ದೇನೆ, ಕೆಲಸಕ್ಕಲ್ಲ, ವಾರಾಂತ್ಯಕ್ಕೆ ಹಾರಲು. ಕಾರಿನಿಂದ ಬಂದ ತಿಳಿವಳಿಕೆ ಎಲ್ಲಿ ಉಪಯೋಗಕ್ಕೆ ಬರುತ್ತದೆ, ಯಾವ ಅಭ್ಯಾಸ ಬಿಡಬೇಕು? ದುಡ್ಡು ಕಟ್ಟುವ ಮುಂಚೆ ಏನು ನೋಡಬೇಕು? ಉತ್ತರಿಸುವವರು ತಮ್ಮ ಹಿನ್ನೆಲೆ ಮತ್ತು ಓಡಿಸುವ ಕಾರು ಒಂದು ಸಾಲಿನಲ್ಲಿ ಹೇಳಿದರೆ ಅರ್ಥಮಾಡಿಕೊಳ್ಳಲು ಸುಲಭ.

ಯಲಹಂಕದ ತರಬೇತುದಾರ (ಸಣ್ಣ ತರಬೇತಿ ವಿಮಾನಗಳಾದ ಸೆಸ್ನಾ 152, 172, ಕಾರು ಜಿಪ್ಸಿ)

ಮೇಡಂ, ಮೊದಲು ಕಾಲಿನ ವಿಷಯ. ಕಾರು ಚೆನ್ನಾಗಿ ಓಡಿಸುವವರಿಗೆ ತೊಡಕು ಶುರುವಾಗುವುದು ಆಕಾಶದಲ್ಲಲ್ಲ, ರನ್‌ವೇಗೆ ಹೋಗುವ ದಾರಿಯಲ್ಲಿ, ಅಂದರೆ ಟ್ಯಾಕ್ಸಿವೇಯಲ್ಲಿ. ನೆಲದ ಮೇಲೆ ವಿಮಾನ ತಿರುಗುವುದು ರಡ್ಡರ್ ಪೆಡಲ್ ಒತ್ತುವ ಕಾಲಿನಿಂದ. ಕೈಯಲ್ಲಿರುವ ಯೋಕ್ ನೋಡಲು ಸ್ಟಿಯರಿಂಗ್ ತರಹ ಇದ್ದರೂ ಅದನ್ನು ಎಷ್ಟು ತಿರುಗಿಸಿದರೂ ಮೂಗಿನ ಚಕ್ರ ಅಲುಗುವುದಿಲ್ಲ. ಹಳದಿ ಗೆರೆ ತಪ್ಪಿದ ಕೂಡಲೇ ಕೈ ತಾನಾಗಿ ಯೋಕ್ ತಿರುಗಿಸುತ್ತದೆ, ಕಾಲು ಸುಮ್ಮನಿರುತ್ತದೆ. ಮೊದಲ ನಾಲ್ಕೈದು ಪಾಠಗಳಲ್ಲಿ ಎಡಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬರೀ ಕಾಲಿನಲ್ಲಿ ಟ್ಯಾಕ್ಸಿ ಮಾಡಿಸಿ ಎಂದು ನಿಮ್ಮ ತರಬೇತುದಾರರನ್ನೇ ಕೇಳಿ, ಗಾಳಿ ಕಡಿಮೆ ಇರುವ ಬೆಳಿಗ್ಗೆ ಹೊತ್ತು. ಅದು ಕೂತ ಮೇಲೆ ಯೋಕ್‌ನ ನಿಜವಾದ ಕೆಲಸ ಕಲಿಯಿರಿ: ಎದುರಿನ ಓರೆಗಾಳಿ ಇದ್ದರೆ ಯೋಕ್ ಗಾಳಿಯ ಕಡೆಗೆ, ಹಿಂದಿನ ಓರೆಗಾಳಿ ಇದ್ದರೆ ಗಾಳಿಯಿಂದ ಆಚೆಗೆ ಮತ್ತು ಮುಂದಕ್ಕೆ. ರೆಕ್ಕೆಯಡಿ ಗಾಳಿ ಹೊಕ್ಕು ಎತ್ತದಿರಲಿ ಅಂತ.

ಪಾದ ಇಡುವ ಬಗೆಯೂ ಬೇರೆ. ಹಿಮ್ಮಡಿ ನೆಲಕ್ಕೆ ತಾಗಿರಬೇಕು, ಪಾದದ ಮುಂಭಾಗ ಪೆಡಲಿನ ಕೆಳಗಿನ ಅರ್ಧದಲ್ಲಿರಬೇಕು. ಬ್ರೇಕು ಇರುವುದು ಪೆಡಲಿನ ಮೇಲಿನ ಅರ್ಧದಲ್ಲಿ. ಕಾರಿನ ರೂಢಿಯಲ್ಲಿ ಪಾದವನ್ನು ಪೂರ್ತಿ ಮೇಲಿಟ್ಟರೆ ಟೇಕಾಫ್ ಓಟದಲ್ಲೇ ಅರೆಬರೆ ಬ್ರೇಕು ಒತ್ತಿರುತ್ತದೆ. ಓಟ ಉದ್ದವಾಗುತ್ತದೆ, ಡಿಸ್ಕ್ ಕಾಯುತ್ತದೆ, ವಿಮಾನ ಒಂದು ಪಕ್ಕಕ್ಕೆ ಎಳೆಯುತ್ತದೆ.

ಥ್ರಾಟಲ್ ಪೂರ್ತಿ ಕೊಟ್ಟಾಗ ಮೂಗು ಎಡಕ್ಕೆ ಹೋಗುತ್ತದೆ, ಬಲಗಾಲು ಒತ್ತಿ ಹಿಡಿಯಬೇಕು. ಇಲ್ಲಿ ಬಲಗಾಲು ಆಕ್ಸಿಲರೇಟರ್ ಅಲ್ಲ ಅನ್ನುವುದನ್ನು ದೇಹ ಒಪ್ಪಿಕೊಳ್ಳಲು ಹತ್ತು ಗಂಟೆಯಾದರೂ ಬೇಕು.

ಇನ್ನೊಂದು, ಇದನ್ನು ಮರೆಯಬೇಡಿ: ಸೀಟು. ಕಾರಿನಲ್ಲಿ ಸೀಟಿನ ಲಾಕ್ ಸರಿಯಾಗಿ ಕೂರದಿದ್ದರೆ ಕಿರಿಕಿರಿ, ಅಷ್ಟೆ. ಸೆಸ್ನಾದಲ್ಲಿ ಟೇಕಾಫ್ ಹೊತ್ತಿಗೆ ಸೀಟು ಹಿಂದಕ್ಕೆ ಜಾರಿದರೆ ಹಿಡಿತಕ್ಕೆಂದು ಕೈ ಯೋಕ್ ಅನ್ನೇ ಎಳೆಯುತ್ತದೆ, ಮೂಗು ನೆಟ್ಟಗೆ ಮೇಲೇಳುತ್ತದೆ. ಜನ ಸತ್ತಿರುವ ಕಾರಣ ಇದು. ಹಳಿಯ ತೂತಿನಲ್ಲಿ ಪಿನ್ ಬಿದ್ದಿದೆಯೇ ಅಂತ ಕಣ್ಣಾರೆ ನೋಡಿ, ಆಮೇಲೆ ಸೊಂಟದಿಂದ ಹಿಂದೆ ಮುಂದೆ ಜೋರಾಗಿ ಅಲ್ಲಾಡಿಸಿ.

ಮುರುಗೇಶಪಾಳ್ಯದ ವಿಮಾನ ಎಂಜಿನಿಯರ್ (ಪಿಸ್ಟನ್ ಎಂಜಿನ್ ಲೈಸೆನ್ಸ್, ಕಾರು ಮಾರುತಿ 800, ಇನ್ನೂ ಕಾರ್ಬ್ಯುರೇಟರ್)

ಪಾಯಿಂಟ್ ಗ್ಯಾಪ್ ಕೂರಿಸಲು ಬರುತ್ತದೆ ಅಂದಿರಲ್ಲ, ಅಲ್ಲೇ ನಿಮಗೆ ಅರ್ಧ ಎಂಜಿನ್ ಅರ್ಥವಾಗಿದೆ. ವಿಮಾನದ ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೊ ಒಳಗಿರುವುದೂ ಅದೇ ಪಾಯಿಂಟ್, ಅದೇ ಕಂಡೆನ್ಸರ್. ವ್ಯತ್ಯಾಸ ಇಷ್ಟು: ಪದ್ಮಿನಿಗೆ ಕಿಡಿ ಬೇಕಾದರೆ ಬ್ಯಾಟರಿ ಬೇಕು, ಮ್ಯಾಗ್ನೆಟೊಗೆ ಬೇಡ. ತಿರುಗುವ ಆಯಸ್ಕಾಂತದಿಂದಲೇ ಕಿಡಿ. ಒಂದೊಂದು ಸಿಲಿಂಡರಿಗೆ ಎರಡು ಪ್ಲಗ್ಗು, ಇಡೀ ಎಂಜಿನ್ನಿಗೆ ಎರಡು ಮ್ಯಾಗ್ನೆಟೊ. ಹಾರುವಾಗ ಆಲ್ಟರ್ನೇಟರ್, ಬ್ಯಾಟರಿ ಎರಡೂ ಕೈಬಿಟ್ಟರೂ ಇಂಥ ಎಂಜಿನ್ ನಿಲ್ಲುವುದಿಲ್ಲ.

ಅದರಿಂದಲೇ ಒಂದು ಅಪಾಯ ಬರುತ್ತದೆ. ಕಾರಿನಲ್ಲಿ ಕೀ ತೆಗೆದರೆ ಕಿಡಿ ಸತ್ತಿತು. ಇಲ್ಲಿ ಕೀ ಆಫ್ ಮಾಡುವುದೆಂದರೆ ಮ್ಯಾಗ್ನೆಟೊವನ್ನು ಒಂದು ವೈರ್ ಮೂಲಕ ಅರ್ಥ್ ಮಾಡುವುದು. ಆ ವೈರ್ ತುಂಡಾಗಿದ್ದರೆ ಕೀ ನಿಮ್ಮ ಜೇಬಿನಲ್ಲಿದ್ದರೂ ಮ್ಯಾಗ್ನೆಟೊ ಜೀವಂತ. ರೇಡಿಯೇಟರ್ ಫ್ಯಾನ್ ತಿರುಗಿಸಿ ನೋಡುವ ಹಾಗೆ ಪ್ರೊಪೆಲ್ಲರ್ ತಿರುಗಿಸಿದರೆ ಅರ್ಧ ಸುತ್ತಿಗೇ ಹೊತ್ತಿಕೊಳ್ಳಬಹುದು. ಈ ಕಾರಣಕ್ಕೇ ಎಂಜಿನ್ ನಿಲ್ಲಿಸುವುದು ಕೀಲಿಯಿಂದಲ್ಲ, ಗಾಳಿಗೆ ಬೆರೆಯುವ ಇಂಧನವನ್ನು ಹೆಚ್ಚು ಕಡಿಮೆ ಮಾಡುವ ಕೆಂಪು ಮಿಕ್ಸ್ಚರ್ ಗುಬ್ಬಿಯನ್ನು ಪೂರ್ತಿ ಎಳೆದು. ಸಿಲಿಂಡರಿನಲ್ಲಿ ಇಂಧನವೇ ಉಳಿಯದಿದ್ದರೆ ಕಿಡಿ ಬಂದರೂ ಆಗುವುದೇನಿಲ್ಲ.

ಸೆಸ್ನಾ 172ರ 172ಎಸ್ ಮಾದರಿಯಲ್ಲಿ ಇರುವುದು ಲೈಕಮಿಂಗ್ ಐಒ-360 ಎಂಜಿನ್. ಸುಮಾರು 5.9 ಲೀಟರ್, ನಾಲ್ಕು ಸಿಲಿಂಡರ್, 180 ಅಶ್ವಶಕ್ತಿ, 2,700 ಆರ್‌ಪಿಎಂ. ಕಾರಿನವರು ಇದನ್ನು ಕೇಳಿ ಇಷ್ಟೇನಾ ಅನ್ನುತ್ತಾರೆ. ಗೇರ್‌ಬಾಕ್ಸ್ ಇಲ್ಲ, ಪ್ರೊಪೆಲ್ಲರ್ ನೇರ ಕ್ರ್ಯಾಂಕಿಗೇ ಕೂತಿದೆ. ಪ್ರೊಪೆಲ್ಲರಿನ ಅಡ್ಡಳತೆ 76 ಅಂಗುಲ. 2,700ರಲ್ಲಿ ಅದರ ತುದಿ ಸೆಕೆಂಡಿಗೆ ಸುಮಾರು 270 ಮೀಟರ್ ಓಡುತ್ತದೆ. ಇನ್ನೂ ಜೋರಾಗಿ ತಿರುಗಿಸಿದರೆ ತುದಿ ಶಬ್ದದ ವೇಗದ ಹತ್ತಿರ ಹೋಗಿ ಸದ್ದು ಹೆಚ್ಚುತ್ತದೆಯೇ ಹೊರತು ಎಳೆತ ಹೆಚ್ಚುವುದಿಲ್ಲ. ಹಾಗಾಗಿ ಆರ್‌ಪಿಎಂ ಕಡಿಮೆ, ಸಿಲಿಂಡರ್ ದೊಡ್ಡದು. ಅಲ್ಲದೆ ಕಾರಿನ ಎಂಜಿನ್ ಹೆದ್ದಾರಿಯಲ್ಲಿ ತನ್ನ ಶಕ್ತಿಯ ಕಾಲುಭಾಗದಲ್ಲಿ ಆರಾಮಾಗಿರುತ್ತದೆ. ಇದು ಗಂಟೆಗಟ್ಟಲೆ 65–75 ಶೇಕಡಾ ದುಡಿಯಬೇಕು.

ಟೇಕಾಫಿಗೆ ಮುಂಚೆ 1,800 ಆರ್‌ಪಿಎಂನಲ್ಲಿ ಒಂದೊಂದೇ ಮ್ಯಾಗ್ನೆಟೊದ ಮೇಲೆ ಎಂಜಿನ್ ಓಡಿಸಿ ನೋಡುತ್ತೀರಿ. 172ಎಸ್‌ನಲ್ಲಿ ಇಳಿಕೆ 150 ದಾಟಬಾರದು, ಎರಡರ ನಡುವಿನ ವ್ಯತ್ಯಾಸ 50 ದಾಟಬಾರದು. ಹೆಚ್ಚು ಇಳಿದು ಎಂಜಿನ್ ನಡುಗಿದರೆ ಬಹುತೇಕ ಪ್ಲಗ್ಗಿಗೆ ವಿಮಾನದ ಪೆಟ್ರೋಲಿನಲ್ಲಿರುವ ಸೀಸ ಹಿಡಿದಿದೆ ಎಂದರ್ಥ. ಆದರೆ ಒಂಚೂರೂ ಇಳಿಯದಿದ್ದರೆ ಖುಷಿಪಡಬೇಡಿ. ನಾನು ಹೇಳಿದ ಅರ್ಥ್ ವೈರ್ ತುಂಡಾಗಿರಬಹುದು. ಆ ವಿಮಾನ ವಾಪಸ್ ಶೆಡ್ಡಿಗೆ.

ಆಯಿಲ್ ವಿಷಯ. ಕಾರಿನ ಆಯಿಲ್ ಎಷ್ಟೇ ದುಬಾರಿಯದಾದರೂ ಒಂದು ಹನಿಯೂ ಬೇಡ. ಅದರಲ್ಲಿರುವ ಲೋಹಾಂಶದ ಡಿಟರ್ಜೆಂಟ್ ಉರಿದು ಬೂದಿಯಾಗಿ ಕಾದ ಸಿಲಿಂಡರಿನಲ್ಲಿ ಕೂರುತ್ತದೆ, ಕಿಡಿಗೆ ಮುಂಚೆಯೇ ಇಂಧನ ಹೊತ್ತಿಸುತ್ತದೆ. ಬೂದಿ ಬಿಡದ ವಿಮಾನದ ಆಯಿಲೇ ಬೇಕು. ಫಿಲ್ಟರ್ ಇರುವ ಎಂಜಿನ್ನಿಗೆ 50 ಗಂಟೆಗೊಮ್ಮೆ ಬದಲಾವಣೆ. ಗಾಳಿಯಿಂದ ತಂಪಾಗುವ ಎಂಜಿನ್, ಸಡಿಲ ಅಳತೆ, ಆಯಿಲ್ ಸ್ವಲ್ಪ ತಿನ್ನುವುದು ಸಹಜ. ಪ್ರತಿ ಹಾರಾಟಕ್ಕೂ ಕಡ್ಡಿ ಎಳೆದು ನೋಡಿ, 172ಎಸ್‌ನಲ್ಲಿ 5 ಕ್ವಾರ್ಟಿಗಿಂತ ಕಡಿಮೆ ಇದ್ದರೆ ಹಾರುವಂತಿಲ್ಲ.

ಕೊನೆಗೆ, ನಿಮ್ಮ ಕೈಗೆ ಸ್ಪ್ಯಾನರ್ ಹಿಡಿಯುವ ಚಪಲ ಇದ್ದೇ ಇರುತ್ತದೆ. ಸಡಿಲ ಬೋಲ್ಟ್ ಕಂಡರೆ ಬಿಗಿಮಾಡಬೇಡಿ, ತೋರಿಸಿ. ಯಾಕೆ ಸಡಿಲವಾಯಿತು ಅನ್ನುವುದು ಸಡಿಲ ಇರುವುದಕ್ಕಿಂತ ದೊಡ್ಡ ಪ್ರಶ್ನೆ. ಬಿಗಿಮಾಡಿಬಿಟ್ಟರೆ ಆ ಪ್ರಶ್ನೆಯ ಸಾಕ್ಷಿ ಅಳಿಸಿದಂತೆ.

ಕೇಳಿದವರು

ಬಹಳ ಧನ್ಯವಾದ ಸರ್. ಕಾರ್ಬ್ಯುರೇಟರಿನಲ್ಲಿ ಐಸ್ ಕಟ್ಟುತ್ತದೆ ಅಂತ ಓದಿದೆ. ಬೆಂಗಳೂರಿನ ಹವೆಯಲ್ಲೂ?

ಮುರುಗೇಶಪಾಳ್ಯದ ವಿಮಾನ ಎಂಜಿನಿಯರ್

ಬೆಂಗಳೂರಿನಲ್ಲೇ ಹೆಚ್ಚು ಎಚ್ಚರ ಬೇಕು. ಐಸ್ ಕಟ್ಟಲು ಚಳಿ ಬೇಕಿಲ್ಲ, ತೇವ ಬೇಕು. ಪೆಟ್ರೋಲ್ ಆವಿಯಾಗುವಾಗ, ಗಾಳಿ ವೆಂಚುರಿಯಲ್ಲಿ (ಕಾರ್ಬ್ಯುರೇಟರಿನ ಕಿರಿದಾದ ಕೊರಳಿನಲ್ಲಿ) ಹಿಗ್ಗುವಾಗ ಒಳಗಿನ ಉಷ್ಣತೆ 20 ಡಿಗ್ರಿಗೂ ಹೆಚ್ಚು ಕುಸಿಯಬಹುದು. ಜುಲೈ ತಿಂಗಳ ನಮ್ಮ 22 ಡಿಗ್ರಿ, ಜಿಟಿಜಿಟಿ ಮಳೆಯ ಬೆಳಗು ಅದಕ್ಕೆ ಹೇಳಿ ಮಾಡಿಸಿದ್ದು. ಥ್ರಾಟಲ್ ಇಳಿಸಿ ಕೆಳಗಿಳಿಯುವಾಗ ಅಪಾಯ ಜಾಸ್ತಿ, ಏಕೆಂದರೆ ಥ್ರಾಟಲ್ ತಟ್ಟೆ ಬಹುಪಾಲು ಮುಚ್ಚಿರುತ್ತದೆ, ಎಂಜಿನ್ ಬಿಸಿಯೂ ಕಮ್ಮಿ.

ಲಕ್ಷಣ: ಥ್ರಾಟಲ್ ಮುಟ್ಟದೆ ಆರ್‌ಪಿಎಂ ಮೆಲ್ಲಗೆ ಇಳಿಯುವುದು. ಕಾರ್ಬ್ಯುರೇಟರಿಗೆ ಬಿಸಿಗಾಳಿ ಬಿಡುವ ಕಾರ್ಬ್ ಹೀಟ್ ಗುಬ್ಬಿಯನ್ನು ಪೂರ್ತಿ ಎಳೆಯಿರಿ. ಮೊದಲು ಆರ್‌ಪಿಎಂ ಇನ್ನೂ ಇಳಿಯುತ್ತದೆ, ಕರಗಿದ ನೀರು ನುಂಗುವಾಗ ಎಂಜಿನ್ ಒದ್ದಾಡುತ್ತದೆ, ಆಮೇಲೆ ಏರುತ್ತದೆ. ಆ ಒದ್ದಾಟಕ್ಕೆ ಹೆದರಿ ವಾಪಸ್ ತಳ್ಳುವುದೇ ಹೊಸಬರು ಮಾಡುವ ತಪ್ಪು. ಅರ್ಧ ಎಳೆಯುವುದೂ ತಪ್ಪು, ಕರಗಿದ್ದು ಮುಂದೆ ಹೋಗಿ ಮತ್ತೆ ಗಟ್ಟಿಯಾಗಬಹುದು. ನೆಲದ ಮೇಲೆ ಮಾತ್ರ ಪರೀಕ್ಷೆಗೆ ಬೇಕಾದಷ್ಟೇ ಹೊತ್ತು ಎಳೆಯಿರಿ, ಆ ಗಾಳಿ ಫಿಲ್ಟರ್ ಮೂಲಕ ಬರುವುದಿಲ್ಲ, ಧೂಳು ಒಳಗೆ ಹೋಗುತ್ತದೆ. 152ರಲ್ಲಿ ಈ ಕೆಲಸ ಇದೆ, 172ಎಸ್‌ಗೆ ಫ್ಯೂಯಲ್ ಇಂಜೆಕ್ಷನ್, ಕಾರ್ಬ್ಯುರೇಟರೇ ಇಲ್ಲ.

ಸಹಕಾರನಗರದ ಪಿಪಿಎಲ್‌ದಾರ (ವಾರಾಂತ್ಯದ ಹಾರಾಟ, ಕಾರು ಪೋಲೊ ಟಿಎಸ್‌ಐ)

ನಿಮ್ಮ ಟರ್ಬೊ ಕಾರು ನಿಮಗೆ ಒಂದು ವಿಷಯ ಮರೆಮಾಚಿದೆ: ಬೆಂಗಳೂರು 3,000 ಅಡಿ ಎತ್ತರದಲ್ಲಿದೆ. ಟರ್ಬೊ ಇಲ್ಲದ ಎಂಜಿನ್ ಸಾವಿರ ಅಡಿಗೆ ಸುಮಾರು 3 ಶೇಕಡಾ ಶಕ್ತಿ ಕಳೆದುಕೊಳ್ಳುತ್ತದೆ. ಬಿಸಿಲು ಸೇರಿದರೆ ಇನ್ನೂ ಹೆಚ್ಚು.

ಲೆಕ್ಕ ಹೀಗೆ. ಸಮುದ್ರಮಟ್ಟದಲ್ಲಿ ಪ್ರಮಾಣಿತ ಉಷ್ಣತೆ 15 ಡಿಗ್ರಿ, ಸಾವಿರ ಅಡಿಗೆ 2 ಡಿಗ್ರಿ ಇಳಿಕೆ, ಅಂದರೆ ನಮ್ಮಲ್ಲಿ 9. ಏಪ್ರಿಲ್ ಮಧ್ಯಾಹ್ನ 33 ಇದ್ದರೆ 24 ಡಿಗ್ರಿ ಹೆಚ್ಚು. ಒಂದು ಡಿಗ್ರಿಗೆ 120 ಅಡಿ ಕೂಡಿಸಿ: 2,880. ಡೆನ್ಸಿಟಿ ಆಲ್ಟಿಟ್ಯೂಡ್, ಅಂದರೆ ಗಾಳಿ ಎಷ್ಟು ಎತ್ತರದ ಗಾಳಿಯಷ್ಟು ತೆಳುವಾಗಿದೆ ಅನ್ನುವ ಲೆಕ್ಕ, ಹತ್ತಿರಹತ್ತಿರ 5,900 ಅಡಿ. ಎಂಜಿನ್ನಿಗೂ ರೆಕ್ಕೆಗೂ ಪ್ರೊಪೆಲ್ಲರಿಗೂ ಅದು ಜಕ್ಕೂರಿನ ರನ್‌ವೇ ಅಲ್ಲ, ಬೆಟ್ಟದ ಮೇಲಿನ ರನ್‌ವೇ. ಟೇಕಾಫ್ ಅಂತರವನ್ನು ಕೈಪಿಡಿಯ ಕೋಷ್ಟಕದಿಂದ ಆ ದಿನದ ತೂಕಕ್ಕೆ ತೆಗೆಯಿರಿ, ನೆನಪಿನಿಂದಲ್ಲ. 172ಎಸ್ ಕೈಪಿಡಿ 3,000 ಅಡಿಗಿಂತ ಮೇಲೆ ಟೇಕಾಫಿಗೆ ಮಿಕ್ಸ್ಚರನ್ನು ಗರಿಷ್ಠ ಆರ್‌ಪಿಎಂ ಬರುವಷ್ಟು ತೆಳು ಮಾಡಲು ಹೇಳುತ್ತದೆ. ನಾವು ಸರಿಯಾಗಿ ಆ ಗಡಿಯ ಮೇಲೇ ಕೂತಿದ್ದೇವೆ, ತರಬೇತುದಾರರ ಜೊತೆ ಮೊದಲೇ ಮಾತಾಡಿಕೊಳ್ಳಿ. ಕಾರಿನಲ್ಲಿ ಈ ಕೆಲಸ ಇಸಿಯು (ಎಂಜಿನ್ ಕಂಪ್ಯೂಟರ್) ಮಾಡುತ್ತದೆ, ಇಲ್ಲಿ ಇಸಿಯು ನೀವೇ.

ಇಳಿಯುವಾಗ ಇದೇ ವಿಷಯ ಇನ್ನೊಂದು ವೇಷದಲ್ಲಿ ಬರುತ್ತದೆ. ಮೀಟರಿನಲ್ಲಿ 60 ನಾಟ್ ಇದ್ದರೆ ಆ ದಿನ ನಿಜವಾದ ವೇಗ 65ರ ಮೇಲಿರುತ್ತದೆ. ನೆಲ ಬೇಗ ಬೇಗ ಹಿಂದೆ ಓಡುತ್ತದೆ. ಕಾರಿನವರಿಗೆ ಕಿಟಕಿಯಾಚೆ ನೋಡಿ ವೇಗ ಅಳೆಯುವ ರೂಢಿ, ‘ಜೋರಾಯಿತು’ ಅನ್ನಿಸಿ ಮೂಗು ಎತ್ತುತ್ತಾರೆ, ಸ್ಟಾಲ್ (ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ ಸ್ಥಿತಿ) ಹತ್ತಿರ ಹೋಗುತ್ತಾರೆ. ಮೀಟರ್ ನಂಬಿ.

ಕೆಂಗೇರಿಯಿಂದ (ಡೈಮಂಡ್ ಡಿಎ40, ಡಿಎ42, ಕಾರು ಡೀಸೆಲ್ ಫೋರ್ಡ್)

ಕಾರು ಪ್ರೀತಿಸುವವರಿಗೆ ಒಂದು ಸಿಹಿ ಸುದ್ದಿ. ಡಿಎ40 ಎನ್‌ಜಿ, ಡಿಎ42 ವಿಮಾನಗಳ ಈಗಿನ ಮಾದರಿಗಳಲ್ಲಿರುವ ಆಸ್ಟ್ರೊ ಎಇ300 ಎಂಜಿನ್ ಮೂಲತಃ ಮರ್ಸಿಡಿಸ್ ಎ-ಕ್ಲಾಸ್ ಕಾರಿನ 2 ಲೀಟರ್ ಡೀಸೆಲ್, ಒಎಂ640. ಟರ್ಬೊ ಇದೆ, ನೀರಿನ ಕೂಲಿಂಗ್ ಇದೆ, ಒಂದೇ ಲಿವರ್, ಮಿಕ್ಸ್ಚರ್ ಗುಬ್ಬಿ ಇಲ್ಲ. ಆದರೆ ಮ್ಯಾಗ್ನೆಟೊವೂ ಇಲ್ಲ. ಎಲ್ಲ ಕಂಪ್ಯೂಟರ್ ಮೇಲೆ ನಿಂತಿರುವುದರಿಂದ ಮೇಲೆ ಹೇಳಿದ ‘ಬ್ಯಾಟರಿ ಇಲ್ಲದಿದ್ದರೂ ಓಡುತ್ತದೆ’ ಇದಕ್ಕೆ ಅನ್ವಯಿಸದು.

ಇದು ಕುಡಿಯುವುದು ಜೆಟ್ ಇಂಧನ. ಲೈಕಮಿಂಗ್ ಕುಡಿಯುವುದು 100ಎಲ್‌ಎಲ್ ಪೆಟ್ರೋಲ್. ಒಂದೇ ಏಪ್ರನ್ನಿನಲ್ಲಿ (ವಿಮಾನ ನಿಲ್ಲಿಸುವ ಜಾಗದಲ್ಲಿ) ಎರಡೂ ಬಗೆಯ ವಿಮಾನ ನಿಂತಿದ್ದರೆ ಇಂಧನ ತುಂಬುವಾಗ ಪಕ್ಕದಲ್ಲೇ ನಿಲ್ಲಿ. ಸ್ಯಾಂಪಲ್ ಬಾಟಲಿಯಲ್ಲಿ 100ಎಲ್‌ಎಲ್ ತಿಳಿನೀಲಿ. ನೀರಿದ್ದರೆ ತಳದಲ್ಲಿ ಗುಳ್ಳೆಯಂತೆ ಕೂರುತ್ತದೆ. ಬಾಟಲಿ ತುಂಬ ನೀರೇ ಬಂದರೆ ಗೆರೆಯೇ ಕಾಣದು, ಬಣ್ಣವಿಲ್ಲದಿರುವುದೇ ಸುಳಿವು. 172ಎಸ್‌ನಲ್ಲಿ ಇಂಥ 13 ಕಡೆ ಇಂಧನ ಬಸಿದು ನೋಡಬೇಕು, ಒಂದನ್ನೂ ಬಿಡಬೇಡಿ. ಬಂಕಿನ ಇ20 ಪೆಟ್ರೋಲ್ ಲೈಕಮಿಂಗ್ ಎಂಜಿನ್ನಿಗೆ ಹಾಕಲೇಬಾರದು: ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ, ಸೀಲುಗಳನ್ನು ಕೆಡಿಸುತ್ತದೆ.

ಯಲಹಂಕದ ತರಬೇತುದಾರ

ದುಡ್ಡಿನ ಪ್ರಶ್ನೆಗೆ ಯಾರೂ ಬಂದಿಲ್ಲ. ಮೊದಲು ಮೆಡಿಕಲ್, ಆಮೇಲೆ ಶುಲ್ಕ. ಪಿಪಿಎಲ್‌ಗೆ ಕ್ಲಾಸ್ 2 ಸಾಕು, ಡಿಜಿಸಿಎ (ದೇಶದ ವಿಮಾನಯಾನ ನಿಯಂತ್ರಕ ಸಂಸ್ಥೆ) ಮಾನ್ಯ ವೈದ್ಯರಲ್ಲಿ ಮಾಡಿಸಿ. ಬಣ್ಣಗುರುಡು ಗೊತ್ತಾಗದೆ ಲಕ್ಷ ಲಕ್ಷ ಕಟ್ಟಿದರೆ ವಾಪಸ್ ಬರುವುದು ಕಷ್ಟ. ಮುಂದೆ ಕಮರ್ಷಿಯಲ್ ಮಾಡುವ ಯೋಚನೆ ಎಳ್ಳಷ್ಟಾದರೂ ಇದ್ದರೆ ಕ್ಲಾಸ್ 1 ಕೂಡ ಈಗಲೇ ನೋಡಿಕೊಳ್ಳಿ. ಹಳೇ ಏರ್‌ಪೋರ್ಟ್ ರಸ್ತೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಇಲ್ಲೇ ಇದೆ.

ಪಿಪಿಎಲ್‌ಗೆ ಕನಿಷ್ಠ 40 ಗಂಟೆ, ಕಮರ್ಷಿಯಲ್‌ಗೆ 200. ವಾರಕ್ಕೊಂದೇ ದಿನ ಹಾರುವವರು 40ರಲ್ಲಿ ಮುಗಿಸುವ ಲೆಕ್ಕ ಹಾಕಬೇಡಿ, ಪ್ರತಿ ಪಾಠದ ಮೊದಲ ಅರ್ಧ ಹಿಂದಿನದ್ದನ್ನು ನೆನಪಿಸಿಕೊಳ್ಳುವುದಕ್ಕೇ ಹೋಗುತ್ತದೆ. ಎರಡು ಮೂರು ವಾರ ರಜೆ ಹಾಕಿ, ಸೋಲೊ ಆಗುವವರೆಗೆ, ಅಂದರೆ ಒಬ್ಬರೇ ಹಾರುವವರೆಗೆ, ಬಿಡುವಿಲ್ಲದೆ ಹಾರಿ. ಲಿಖಿತ ಪರೀಕ್ಷೆಯ ಪಾಸ್ ಅಂಕ 70 ಶೇಕಡಾ, ಅದನ್ನು ಮೊದಲೇ ಮುಗಿಸಿ.

ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಾಗಲಿ, ಬೇರೆ ಕಡೆಯದಾಗಲಿ, ಕೇಳಬೇಕಾದ್ದು ‘ಎಷ್ಟು ವಿಮಾನ ಇವೆ’ ಅಂತಲ್ಲ. ‘ಇವತ್ತು ಹಾರುವ ಸ್ಥಿತಿಯಲ್ಲಿ ಎಷ್ಟು, ಕಳೆದ ತಿಂಗಳು ಒಟ್ಟು ಎಷ್ಟು ಗಂಟೆ ಹಾರಿದವು, ಅದಕ್ಕೆ ಎಷ್ಟು ವಿದ್ಯಾರ್ಥಿಗಳು?’ ಗಂಟೆಯನ್ನು ವಿದ್ಯಾರ್ಥಿಗಳ ಸಂಖ್ಯೆಯಿಂದ ಭಾಗಿಸಿ, ನಿಮಗೆ ತಿಂಗಳಿಗೆ ಸಿಗುವುದು ಅಷ್ಟೇ. ದರದಲ್ಲಿ ಇಂಧನ, ತರಬೇತುದಾರರ ಶುಲ್ಕ, ಲ್ಯಾಂಡಿಂಗ್ ಶುಲ್ಕ ಸೇರಿದೆಯೇ ಎಂದು ಬರಹದಲ್ಲಿ ಪಡೆಯಿರಿ. ಹತ್ತತ್ತು ಗಂಟೆಗೆ ಕಂತಿನಲ್ಲಿ ಕಟ್ಟಿ.

ಕ್ಯಾಲೆಂಡರನ್ನೂ ನೋಡಿ. ಡಿಸೆಂಬರ್–ಜನವರಿಯ ಬೆಳಗು ಮಂಜು, ಏಪ್ರಿಲ್–ಮೇ ಸಂಜೆ ಗುಡುಗು ಮಳೆ. ಏರೋ ಇಂಡಿಯಾ ನಡೆಯುವ ಫೆಬ್ರುವರಿಯಲ್ಲಿ ಯಲಹಂಕದ ಸುತ್ತ ಆಕಾಶಕ್ಕೇ ನಿರ್ಬಂಧ, ಆಗ ಪರೀಕ್ಷೆ ಇಟ್ಟುಕೊಳ್ಳಬೇಡಿ.

ಕನಕಪುರ ರಸ್ತೆಯಿಂದ (ಏರ್‌ಬಸ್ 320, ಕಾರು ಹಳೇ ಹೋಂಡಾ ಸಿಟಿ)

ತಿರುಗಿ ಕಾರಿಗೆ ಏನು ಬರುತ್ತದೆ ಅನ್ನುವುದನ್ನು ಹೇಳುತ್ತೇನೆ. ವಿಮಾನದ ಸುತ್ತ ಒಂದು ಸುತ್ತು ಬರುವ ರೂಢಿಯನ್ನು ಕಾರಿಗೂ ತನ್ನಿ, 40 ಸೆಕೆಂಡ್ ಸಾಕು: ನಾಲ್ಕು ಟಯರ್, ಕೆಳಗೆ ಸೋರಿದ ಕಲೆ, ದೀಪ, ಬಾನೆಟ್ ಅಡಿ ಇಲಿ ಕಡಿದ ವೈರ್. ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ನಾಲ್ಕೈದು ದಿನ ಬಿಟ್ಟುಹೋಗುವವರಿಗೆ ಕೊನೆಯದು ಮುಖ್ಯ. ಮಳೆಯಲ್ಲಿ ನೆನೆದ ಕಾರನ್ನು ಹ್ಯಾಂಡ್‌ಬ್ರೇಕ್ ಎಳೆದು ಬಿಟ್ಟರೆ ಹಿಂದಿನ ಡ್ರಮ್ಮಿಗೆ ಶೂ ಅಂಟಿಕೊಳ್ಳುತ್ತದೆ. ಸಮತಟ್ಟಾದ ನೆಲವಾದರೆ ಗೇರಿನಲ್ಲಿಟ್ಟು ಚಕ್ರಕ್ಕೆ ಅಡ್ಡಗಟ್ಟೆ ಕೊಡಿ, ವಿಮಾನಕ್ಕೆ ಕೊಡುವ ಹಾಗೆಯೇ. ಡ್ಯಾಶ್‌ಕ್ಯಾಮ್ ನಿಂತಾಗಲೂ ಓಡುವಂತೆ ಜೋಡಿಸಿದ್ದರೆ ಬ್ಯಾಟರಿ ಇಳಿದಾಗ ಅದು ತಾನೇ ಆಫ್ ಆಗುವ ಮಿತಿಯನ್ನು 12.2 ವೋಲ್ಟ್‌ಗಿಂತ ಕೆಳಗೆ ಇಡಬೇಡಿ.

ರಾತ್ರಿ ಹಾರಿ ಬೆಳಗಿನ ಜಾವ ದೇವನಹಳ್ಳಿಯಿಂದ ಮನೆಗೆ ಹೊರಡುವವರು ಕಾರಿನಲ್ಲೇ 20 ನಿಮಿಷ ಕಣ್ಣು ಮುಚ್ಚಿ ಹೊರಡಿ. 2ರಿಂದ 6ರವರೆಗೆ ದೇಹ ಅತಿ ಮಂಕಾಗಿರುವ ಹೊತ್ತು, ಖಾಲಿ ಬಳ್ಳಾರಿ ರಸ್ತೆ ಅದಕ್ಕೆ ಜೋಗುಳ.

ಕೇಳಿದವರು

ಮೆಡಿಕಲ್‌ನಿಂದಲೇ ಶುರು ಮಾಡುತ್ತೇನೆ. ಅಲ್ಲಿಯವರೆಗೆ ಮನೆಯಲ್ಲಿ ಸಿಮ್ಯುಲೇಟರ್ ಇಟ್ಟುಕೊಂಡರೆ ಪ್ರಯೋಜನವೇ?

ಬಸವನಗುಡಿಯ ಹವ್ಯಾಸಿ (ಸಿಮ್ಯುಲೇಟರ್, ವಿಮಾನ ವೀಕ್ಷಣೆ, ಕಾರು ಸ್ವಿಫ್ಟ್)

ಚೆಕ್‌ಲಿಸ್ಟ್, ರೇಡಿಯೊ ಮಾತು, ಸರ್ಕ್ಯೂಟಿನ (ರನ್‌ವೇ ಪಕ್ಕ ಸುತ್ತು ಹೊಡೆದು ಇಳಿಯುವ) ಕ್ರಮಕ್ಕೆ ಬಹಳ ಒಳ್ಳೆಯದು. ಲ್ಯಾಂಡಿಂಗ್ ಅದರಲ್ಲಿ ಕಲಿಯಲು ಹೋಗಬೇಡಿ, ನೆಲ ಹತ್ತಿರವಾಗುವುದು ಒಂದು ಪರದೆಯಲ್ಲಿ ತಿಳಿಯುವುದಿಲ್ಲ. ದುಡ್ಡು ಕಡಿಮೆ ಇದ್ದರೆ ದುಬಾರಿ ಯೋಕ್ ಬಿಡಿ, ರಡ್ಡರ್ ಪೆಡಲ್ ಕೊಳ್ಳಿ. ತರಬೇತುದಾರರು ಹೇಳಿದ ಕಾಲಿನ ಪಾಠ ಅಲ್ಲೇ ಶುರುವಾಗುತ್ತದೆ. ಮೀಟರ್ ನೋಡಿಕೊಂಡೇ ಹಾರುವ ಚಟ ಹತ್ತಬಾರದು, ಅದಕ್ಕೆ ಪ್ಯಾನೆಲ್ಲಿಗೆ ಕಾಗದ ಅಂಟಿಸಿ, ವೇಗದ ಮೀಟರ್ ಮಾತ್ರ ಕಾಣುವಂತೆ. ಒಂದು ಭಾನುವಾರ ಎಚ್‌ಎಎಲ್ ಪಾರಂಪರಿಕ ಕೇಂದ್ರಕ್ಕೂ ಹೋಗಿ ಬನ್ನಿ, ಅಲ್ಲಿನ ಎಂಜಿನ್ ವಿಭಾಗದಲ್ಲಿ ನಿಮ್ಮಂಥವರಿಗೆ ಅರ್ಧ ದಿನ ಸಾಲದು.